ಮುತ್ತಜ್ಜನ್ನ ಅಮೆರಿಕಾದಿಂದ ಹಿಡಿದು ವಾಪಸ್ ಕಳಿಸಿದ್ರಂತೆ, ಹಳೇ ಹಡಗಿನ ಲಿಸ್ಟ್‌ನಲ್ಲಿ ಹುಡುಕೋದು ಹೇಗೆ?

ಅಂಕೋಲೆ_ಮಗಳು, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಲ ಅಂಕೋಲಾ ತಾಲೂಕು, ಈಗ ಮೂರು ತಲೆಮಾರಿಂದ ಮುಂಬೈ ಕಡೆಗೇ ಇದ್ದೇವೆ. ಮುತ್ತಜ್ಜನ ವಿಷಯ ಹುಡುಕ್ತಾ ಇದ್ದೇನೆ, ಹಳೇ ಹಡಗಿನ ಲಿಸ್ಟು, ಡಿಪೋರ್ಟ್ ಮಾಡಿದ ದಾಖಲೆ ಇಂಥದ್ದೆಲ್ಲ ನೋಡಿದವರು ಯಾರಾದ್ರೂ ಇದ್ರೆ ದಾರಿ ತೋರ್ಸಿ.

ಅವರು ಅಮ್ಮನ ಅಜ್ಜ. ಮೀಸೆ ಮೂಡೋ ವಯಸ್ಸಿಗೇ ಕಾರವಾರದಿಂದ ಆಗಬೋಟು ಹತ್ತಿ ಮುಂಬೈಗೆ ಬಂದ್ರಂತೆ, ಮಜಗಾಂವ್ ಕಡೆ ಊರವರ ಖೋಲಿಯಲ್ಲಿ ಇದ್ಕೊಂಡು ಮೊದಲು ಗೋದಿಯಲ್ಲಿ, ಅಂದ್ರೆ ಹಡಗಿನ ಡಾಕಿನಲ್ಲಿ ಹಮಾಲಿ, ಆಮೇಲೆ ಯಾವುದೋ ಬ್ರಿಟಿಷ್ ಹಡಗಿನ ಇಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ಹಾಕೋ ಕೆಲಸ. ಮೊದಲನೇ ಮಹಾಯುದ್ಧ ನಡೀತಿರುವಾಗಲೇ ನ್ಯೂಯಾರ್ಕ್‌ನಲ್ಲಿ ಹಡಗು ಬಿಟ್ಟು ಇಳಿದು ಅಲ್ಲೇ ಉಳ್ಕೊಂಡ್ರು. ಒಂದೆರಡು ವರ್ಷ ದುಡ್ಡೂ ಕಳಿಸಿದ್ರು. ಆಮೇಲೆ ಒಂದಿನ ಅಲ್ಲಿನ ಸರ್ಕಾರದವರು ಹಿಡಿದು ಹಡಗಿಗೆ ಹಾಕಿ ವಾಪಸ್ ಕಳಿಸಿದ್ರು ಅನ್ನೋದಷ್ಟೇ ನಮ್ಮ ಮನೆಯಲ್ಲಿ ಗೊತ್ತಿರೋದು. ಊರಿಗೆ ಬಂದವರು ಆ ಮಾತೇ ಎತ್ತಲಿಲ್ಲವಂತೆ, ಗದ್ದೆ ಕೆಲಸ ಮಾಡ್ಕೊಂಡು ಇದ್ದುಬಿಟ್ರು. ಆದ್ರೆ ಊರಲ್ಲಿ ಜನ ಸುಮ್ಮನಿರ್ತಾರಾ, ಅಲ್ಲೇನೋ ಕಳ್ಳತನ ಮಾಡಿ ಜೈಲಿಗೆ ಹೋಗಿ ಬಂದಿದ್ದಾನೆ ಅಂತ ಮಾತಾಯ್ತು, ಅದೇ ಮಾತಿಂದ ಅವರ ದೊಡ್ಡ ಮಗಳಿಗೆ ಬಂದ ಎರಡು ಸಂಬಂಧ ತಪ್ಪಿಹೋಯ್ತು. ಅವರ ಕೊನೇ ಮಗಳು, ನಮ್ಮ ಸಣ್ಣಜ್ಜಿ, ಇನ್ನೂ ಇದ್ದಾರೆ, ತೊಂಬತ್ತರ ಹತ್ರ ವಯಸ್ಸು. ಅಪ್ಪ ಕಳ್ಳನಲ್ಲ ಅಂತ ಈಗಲೂ ಹೇಳ್ತಾರೆ, ಆದ್ರೆ ಹಾಗಾದ್ರೆ ಯಾಕೆ ಕಳಿಸಿದ್ರು ಅಂತ ಕೇಳಿದ್ರೆ ಅವರ ಹತ್ರವೂ ಉತ್ತರ ಇಲ್ಲ.

ನನ್ನ ಹತ್ರ ಇರೋದು ಒಂದು ಸ್ಟುಡಿಯೋ ಫೋಟೋ, ಹಿಂದೆ ಬ್ರೂಕ್ಲಿನ್ ಅಂತ ಮುದ್ರೆ ಅದೆ, ಕೈಯಲ್ಲಿ 1919 ಅಂತ ಬರೆದಿದ್ದಾರೆ. ನಾಯಕ ಅಂತ ಅಡ್ಡಹೆಸರು. ನ್ಯೂಯಾರ್ಕಿಗೆ ಹಡಗಲ್ಲಿ ಬಂದವರನ್ನ ತಪಾಸಣೆ ಮಾಡ್ತಿದ್ದ ಎಲ್ಲಿಸ್ ಐಲ್ಯಾಂಡ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ಹುಡುಕಿದೆ, ಏನೂ ಬರಲಿಲ್ಲ. ಮುಂಬೈ ಬಂದರಿನಲ್ಲಿ ಹೋಗೋರ ಬರೋರ ಪ್ಯಾಸೆಂಜರ್ ಲಿಸ್ಟ್ ಇಡ್ತಿದ್ರಾ? ಡಿಪೋರ್ಟ್ ಮಾಡಿದವರದ್ದು ಬೇರೆ ರಿಜಿಸ್ಟರ್ ಏನಾದ್ರೂ ಉಂಟಾ?

ಪುಣೆ_ದೇಸಾಯರು

ಅಕ್ಕಾರ, ನಮಸ್ಕಾರ. ಧಾರವಾಡ ಕಡೆಯಂವ ನಾನು, ಪುಣೆದಾಗ ಕೊಥ್ರೂಡಕ್ಕ ಇರೂದು, ರಿಟೈರ್ ಆದಮ್ಯಾಲೆ ಇದ ಕೆಲಸಕ್ಕ ಬಿದ್ದೇನಿ. ನಿಮ್ಮ ಪ್ರಶ್ನಿ ಓದಿ ಸುಮ್ಮನ ಕೂಡ್ಲಿಕ್ಕಾಗಲಿಲ್ಲ.

ಮೊದಲು ಒಂದ ಮಾತು. ನಿಮ್ಮ ಮುತ್ತಜ್ಜ ಪ್ಯಾಸೆಂಜರ್ ಅಲ್ಲ, ಹಡಗದಾಗ ದುಡಿಯಾಂವ. ಅದಕ್ಕ ಪ್ಯಾಸೆಂಜರ್ ಲಿಸ್ಟಿನ್ಯಾಗ ಎಷ್ಟ ಹುಡುಕಿದ್ರೂ ಸಿಗೂದಿಲ್ಲ, ಕ್ರೂ ಲಿಸ್ಟ್, ಅಂದ್ರ ಹಡಗದಾಗ ದುಡಿಯೂ ಮಂದಿ ಯಾದಿ ನೋಡಬೇಕು. ಅಮೆರಿಕಾದಾಗ 1917ರ ಫೆಬ್ರವರಿ 5ಕ್ಕ ಒಂದು ಇಮಿಗ್ರೇಶನ್ ಕಾಯ್ದೆ ಪಾಸಾತು, ಮೇ 1ರಿಂದ ಜಾರಿ. ಆ ಕಾಯ್ದೆ ಪ್ರಕಾರ ಹಡಗದ ಕ್ಯಾಪ್ಟನ್ ಬಂದರಕ್ಕ ಬಂದ ಕೂಡ್ಲೆ ಪರದೇಶಿ ಖಲಾಸಿಗಳ ಪೂರಾ ಯಾದಿ ಕೊಡಬೇಕು, ಮತ್ತ ಬಂದರ ಬಿಡೂ ಮುಂದ ಯಾರು ಹಡಗ ಬಿಟ್ಟು ಓಡಿಹೋದ್ರು ಅನ್ನೂದನ್ನೂ ಬರದು ಕೊಡಬೇಕು. ಆ ಯಾದಿಯೊಳಗ ಹೆಸರು, ಹಡಗದಾಗ ಏನ್ ಕೆಲಸ, ಸಮುದ್ರದ ಮ್ಯಾಲೆ ಎಷ್ಟು ವರ್ಷ ದುಡಿದಾನ, ಯಾವ ಬಂದರದಾಗ ಯಾವಾಗ ಸೇರಿದಾ, ಓದಾಕ ಬರತದೋ ಇಲ್ಲೋ, ವಯಸ್ಸು, ಎತ್ತರ, ತೂಕ, ಮೈಮ್ಯಾಲಿನ ಗುರ್ತು, ಇಷ್ಟೂ ಕಾಲಮ್ ಇರ್ತಾವ. ನೋಡ್ರಿ, ನಮ್ಮ ಊರಾಗ ಆ ಕಾಲಕ್ಕ ಯಾರ ಎತ್ತರ ತೂಕ ಯಾರು ಬರದಿಟ್ಟಾರ? ಜನಾಂಗದ ಕಾಲಮ್‌ದಾಗ ಈಸ್ಟ್ ಇಂಡಿಯನ್ ಅಂತ ಇರ್ತದ, ರಾಷ್ಟ್ರೀಯತೆ ಬ್ರಿಟಿಷ್ ಅಂತ. ನ್ಯೂಯಾರ್ಕಿನ ಈ ಲಿಸ್ಟು 1897ರಿಂದ 1957ರ ತನಕ ಪ್ಯಾಸೆಂಜರ್ ಕ್ರೂ ಎಲ್ಲಾ ಕೂಡಿಸಿ ಮೈಕ್ರೋಫಿಲ್ಮ್ ಮಾಡ್ಯಾರ, ಫ್ಯಾಮಿಲಿಸರ್ಚ್ ಅನ್ನೂ ವೆಬ್‌ಸೈಟ್‌ದಾಗ ರೊಕ್ಕ ಇಲ್ಲದ ನೋಡಬಹುದು, ಅಕೌಂಟ್ ಅಷ್ಟ ಮಾಡ್ಕೋಬೇಕು. 1897ಕ್ಕಿಂತ ಹಿಂದಿನ ಎಲ್ಲಿಸ್ ಐಲ್ಯಾಂಡ್ ದಫ್ತರ ಆ ವರ್ಷದ ಬೆಂಕಿಯೊಳಗ ಹೋತು, ಅದು ನಿಮಗ ಬೇಕಾಗಿಲ್ಲ ಬಿಡ್ರಿ.

ಹೆಸರಿನ ವಿಷಯ. ನಾಯಕ ಅಂತ ಹುಡುಕಬ್ಯಾಡ್ರಿ ಅಂತ ಅನ್ನೂದಿಲ್ಲ, ಆದ್ರ ಅದೊಂದ ನಂಬಿ ಕೂಡಬ್ಯಾಡ್ರಿ. ನೈಕ್, ನಾಯ್ಕ್, ನೈಗ್, ನಾಯಿಕ್, ಹಿಂಗ ಕಾರಕೂನ ಕಿವಿಗೆ ಬಿದ್ದಂಗ ಬರದಿರ್ತಾರ, ಮತ್ತ ಈಗಿನವರು ಆ ಕೈಬರಹ ಓದಿ ಕಂಪ್ಯೂಟರಿಗೆ ಹಾಕೂ ಮುಂದ ಇನ್ನೊಮ್ಮೆ ತಪ್ಪಿರ್ತಾರ. ಎಷ್ಟೋ ಸಲ ಅಡ್ಡಹೆಸರ ಇರೂದಿಲ್ಲ, ಅವನ ಹೆಸರು ಅವರಪ್ಪನ ಹೆಸರು ಅಷ್ಟ. ಅದಕ್ಕ ಹೆಸರಿನ ಜಾಗಾ ಖಾಲಿ ಬಿಟ್ಟು, ಹುಟ್ಟಿದ್ದು ಇಂಡಿಯಾ, ವಯಸ್ಸು ಇಷ್ಟರಿಂದ ಇಷ್ಟು, ಬಂದ ವರ್ಷ ಇಷ್ಟು ಅಂತ ಹಾಕಿ ನೋಡ್ರಿ. ಬ್ಯಾಸರಾಗ್ತದ, ಆದ್ರ ಸಿಗೂದು ಹಿಂಗ.

ಇನ್ನ ಡಿಪೋರ್ಟ್ ಬಗ್ಗೆ. ಇದರಾಗ ಎರಡು ಥರ ಅದಾವ, ಎರಡೂ ಕಲಸಬಾರದು. ಒಂದು, ಬಂದರದಾಗ ಇಳಿಯಾಕ ಬಿಡದ ಅಲ್ಲಿಂದ್ಲೇ ತಿರುಗಿ ಕಳಸೂದು. ಇನ್ನೊಂದು, ದೇಶದ ಒಳಗ ಇದ್ದಂವನ್ನ ವಾರಂಟ್ ಹಿಡದು ಹೊರಗ ಹಾಕೂದು. ನಮ್ಮ ಅಜ್ಜನ ತಮ್ಮಂದು ಮೊದಲನೇ ಥರದ್ದು. 1912ರಾಗ ಪ್ಯಾಸೆಂಜರ್ ಆಗೇ ಹೋದಾಂವ, ಮನಿಯಾಗ ಎಲ್ಲಾರೂ ಅವಾ ಅಮೆರಿಕಾ ನೋಡಿ ಬಂದಾನ ಅಂತಿದ್ರು. ಲಿಸ್ಟಿನ್ಯಾಗ ಅವನ ಹೆಸರಿನ ಬಾಜೂಕ ಒಂದು ಎಕ್ಸ್ ಗುರ್ತು ಇತ್ತು. ಆ ಗುರ್ತು ಕಂಡ್ರ ಆ ಹಡಗದ ಪೂರಾ ಲಿಸ್ಟಿನ ಕಟ್ಟಕಡೀ ಹಾಳಿಗೆ ಹೋಗಬೇಕು, ಅಲ್ಲಿ ತಡದು ನಿಲ್ಲಿಸಿದವರ ಬ್ಯಾರೇ ಯಾದಿ ಇರ್ತದ. ಯಾಕ ತಡದ್ರು, ವಿಚಾರಣಾ ಯಾವತ್ತು, ಏನ್ ತೀರ್ಮಾನ, ಯಾವ ಹಡಗದಾಗ ವಾಪಸ್. ಅಷ್ಟ ಅಲ್ರಿ, ಅವಾ ಅಲ್ಲಿ ಎಷ್ಟು ಹೊತ್ತಿನ ನಾಷ್ಟಾ, ಮಧ್ಯಾಹ್ನದ್ದೆಷ್ಟು, ರಾತ್ರಿದ್ದೆಷ್ಟು ಊಟ ಮಾಡಿದಾ ಅನ್ನೂ ಲೆಕ್ಕಾನೂ ಅದ, ಯಾಕಂದ್ರ ಆ ಖರ್ಚು ಕರ್ಕೊಂಡ್ ಬಂದ ಹಡಗದ ಕಂಪನಿ ತುಂಬಬೇಕಿತ್ತು. ಅವಂಗ ಹಾಕಿದ ಕಾರಣ ಎಲ್‌ಪಿಸಿ ಅಂತ ಮೂರಕ್ಷರ, ಅಂದ್ರ ಇಂವ ಮುಂದ ಸರ್ಕಾರದ ಮ್ಯಾಲೆ ಭಾರ ಆಗೂ ಸಂಭವ ಅದ ಅಂತ. ಕೈಕಾಲು ಗಟ್ಟಿ ಇದ್ದ ಹುಡುಗ. ಆ ಹಾಳಿ ನೋಡಿ ನನಗ ಭಾಳ ಸಂಕಟಾತು, ಆದ್ರ ನೋಡಿದ್ದು ಚಲೋನ ಆತು.

ನಿಮ್ಮ ಮುತ್ತಜ್ಜಂದು ಎರಡನೇ ಥರ ಇರಬೇಕು. ಅದ 1917ರ ಕಾಯ್ದೆದಾಗ 34ನೇ ಕಲಮು ಅದ, ಹಡಗ ಬಿಟ್ಟು ನಿಯಮ ಮೀರಿ ಇಳದ ಪರದೇಶಿ ಖಲಾಸಿನ್ನ ಮೂರು ವರ್ಷದ ಒಳಗ ಯಾವಾಗ ಬೇಕಾದ್ರೂ ಹಿಡದು ಕಳಸಬಹುದು ಅಂತ. ಕಳ್ಳತನ ಬ್ಯಾಡ, ಜಗಳ ಬ್ಯಾಡ, ಏನೂ ಬ್ಯಾಡ, ಇಳದಿದ್ದ ಸಾಕು. ಅದ ಕಾಯ್ದೆ ನಮ್ಮ ದೇಶಾನೂ ಕೂಡಿಸಿ ಏಶಿಯಾದ ದೊಡ್ಡ ಭಾಗಕ್ಕ ಗೆರಿ ಎಳದು ಅಲ್ಲಿಂದ ಕೂಲಿಕಾರರು ಬರಕೂಡದು ಅಂತ ಬಂದ್ ಮಾಡಿತ್ತು. ಅಂದ್ರ ನ್ಯಾಯವಾಗಿ ಉಳ್ಕೋತೀನಿ ಅಂದಿದ್ರೂ ಅವರಿಗೆ ಬಾಗಿಲ ಇರಲಿಲ್ಲ. ಇದನ್ನ ನಿಮ್ಮ ಸಣ್ಣಜ್ಜಿಗೆ ಇವತ್ತ ಹೇಳ್ರಿ, ದಾಖಲೆ ಸಿಗೂ ತನಕ ಕಾಯಬ್ಯಾಡ್ರಿ.

ಇನ್ನೊಂದು, ಇದನ್ನ ಮೊದಲು ಮಾಡ್ರಿ. ಯುದ್ಧದ ಕಾಲಕ್ಕ ಅಮೆರಿಕಾದಾಗ ಗಂಡಸರೆಲ್ಲಾ ಡ್ರಾಫ್ಟ್ ರಿಜಿಸ್ಟ್ರೇಶನ್, ಅಂದ್ರ ಸೈನ್ಯಕ್ಕ ಕರೀಲಿಕ್ಕೆ ಹೆಸರು ನೋಂದಣಿ ಮಾಡಿಸಬೇಕಿತ್ತು, ಪರದೇಶಿಯವರೂ ಸಹಿತ. 1918ರ ಸೆಪ್ಟೆಂಬರ್ 12ಕ್ಕ 18ರಿಂದ 45 ವರ್ಷದ ತನಕದವರಿಗೆ ದೊಡ್ಡ ನೋಂದಣಿ ಆತು. ಆ ಕಾರ್ಡಿನ್ಯಾಗ ವಿಳಾಸ, ಯಾರ ಹತ್ರ ಕೆಲಸ, ಹತ್ತಿರದ ಸಂಬಂಧಿಕರು ಯಾರು ಎಲ್ಲಿ, ಮತ್ತ ಕೆಳಗ ಅವರ ಸಹಿ. ಇದೂ ಫ್ಯಾಮಿಲಿಸರ್ಚ್‌ದಾಗ ಅದ. ಅವತ್ತ ನ್ಯೂಯಾರ್ಕಿನ್ಯಾಗ ಇದ್ರಂದ್ರ ಕಾರ್ಡ್ ಇರಬೇಕು.

ಕುಡ್ಲದ_ಪೋರಿ, ಮುಲುಂಡ್

ದೇಸಾಯರು ಅಮೆರಿಕಾದ ಕಡೆಯದ್ದು ಎಲ್ಲ ಹೇಳಿದ್ದಾರೆ, ನಾನು ಮುಂಬೈಯದ್ದು ಹೇಳ್ತೇನೆ. ಬಂದರಿನಲ್ಲಿ ಎಲ್ಲಾ ಪ್ರಯಾಣಿಕರ ಹೆಸರು ಬರೆದ ಲಿಸ್ಟ್ ನ್ಯೂಯಾರ್ಕಿನ ಹಾಗೆ ಸಾಲಾಗಿ ನಮ್ಮಲ್ಲಿ ಸಿಗುವುದಿಲ್ಲ ಮಾರಾಯ್ರೆ. ಹಳೇ ಇಂಗ್ಲಿಷ್ ಪೇಪರಿನಲ್ಲಿ ಮೇಲ್ ಸ್ಟೀಮರಿನಲ್ಲಿ ಯಾರು ಬಂದರು ಯಾರು ಹೋದರು ಅಂತ ಬರ್ತಿತ್ತು, ಆದ್ರೆ ಅದು ಸಾಹೇಬರು ಮೇಮ್‌ಸಾಹೇಬರ ಹೆಸರು, ಡೆಕ್ಕಿನಲ್ಲಿ ಕೂತು ಬಂದವರನ್ನ ಯಾರು ಹೆಸರು ಹಿಡಿದು ಬರೀತಾರೆ.

ಆದ್ರೆ ನಿಮಗೆ ಒಂದು ಅನುಕೂಲ ಉಂಟು, ನಮಗೆ ಇಲ್ಲದ್ದು. ನಿಮ್ಮ ಉತ್ತರ ಕನ್ನಡ 1862ರಲ್ಲೇ ಮದ್ರಾಸ್ ಪ್ರೆಸಿಡೆನ್ಸಿಯಿಂದ ಬಾಂಬೆ ಪ್ರೆಸಿಡೆನ್ಸಿಗೆ ಬಂತು, ನಮ್ಮ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳೀತು. ಹಾಗಾಗಿ ನಮ್ಮವರ ಕಾಗದ ಹುಡುಕ್ಲಿಕ್ಕೆ ಚೆನ್ನೈಗೆ ಹೋಗ್ಬೇಕು, ನಿಮ್ಮದು ಇಲ್ಲೇ ಕಾಲಾಘೋಡಾದಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಉಂಟಲ್ಲ, ಅಲ್ಲೇ. 1821ರಿಂದ ಇರುವ ದಫ್ತರ ಅದು. ಐಡಿ ಕಾರ್ಡ್ ಹಿಡ್ಕೊಂಡು ಹೋಗಿ ಅರ್ಜಿ ಕೊಡಿ, ಯಾವ ವಿಷಯ ಅಂತ ಸ್ಪಷ್ಟ ಬರೀರಿ. ನೇರ ಹೆಸರು ಹುಡುಕ್ಲಿಕ್ಕೆ ಹೋಗ್ಬೇಡಿ, ಮರೀನ್ ಡಿಪಾರ್ಟ್‌ಮೆಂಟ್, ಜನರಲ್ ಡಿಪಾರ್ಟ್‌ಮೆಂಟಿನ ಆಯಾ ವರ್ಷದ ಇಂಡೆಕ್ಸ್ ಪುಸ್ತಕ ತೆಗೆಸಿ, ಲಸ್ಕರ್ (ಬ್ರಿಟಿಷ್ ಹಡಗಿನಲ್ಲಿ ದುಡಿಯುವ ನಮ್ಮ ಕಡೆಯ ಖಲಾಸಿ), ಸೀಮೆನ್, ಅಮೆರಿಕಾ, ವಾಪಸ್ ಕಳಿಸಿದ್ದು, ಖರ್ಚು ವಸೂಲಿ, ಇಂಥ ತಲೆಬರಹದ ಕೆಳಗೆ ನೋಡಿ. ಊರು ಹುಡುಕುವಾಗ ಉತ್ತರ ಕನ್ನಡ ಅಂತ ಎಲ್ಲೂ ಇರುವುದಿಲ್ಲ, ನಾರ್ತ್ ಕೆನರಾ, ಅದೂ ಕೆನರಾಕ್ಕೆ ಇಂಗ್ಲಿಷಿನ ಸಿ ಅಕ್ಷರ ಒಮ್ಮೆ, ಕೆ ಅಕ್ಷರ ಒಮ್ಮೆ, ಎರಡೂ ನೋಡಿ.

ಅಲ್ಲಿಗೆ ಹೋಗುವ ಮೊದಲು ಮನೆಯಲ್ಲೇ ಕೂತು ನ್ಯಾಷನಲ್ ಆರ್ಕೈವ್ಸಿನವರ ಅಭಿಲೇಖ ಪಟಲ್ ವೆಬ್‌ಸೈಟ್ ನೋಡಿ. ದೆಹಲಿಯ ಫೈಲುಗಳದ್ದು, ಎಷ್ಟೋ ಸ್ಕ್ಯಾನ್ ಆಗಿ ಫ್ರೀಯಾಗಿ ಓದ್ಲಿಕ್ಕೆ ಸಿಗ್ತದೆ.

ಪಾಸ್‌ಪೋರ್ಟ್ ಹುಡುಕ್ಲಿಕ್ಕೆ ಹೋಗಿ ಸಮಯ ಹಾಳು ಮಾಡ್ಬೇಡಿ. ಇಂಡಿಯನ್ ಪಾಸ್‌ಪೋರ್ಟ್ ಕಾಯ್ದೆ ಬಂದದ್ದೇ 1920ರಲ್ಲಿ, ಹಡಗಿನ ಕೆಲಸದವರು ಹೋಗ್ತಾ ಇದ್ದದ್ದು ಹಡಗಿನ ಕಾಗದದ ಮೇಲೆ.

ಶಿವಾಪೂರ್_ಎಸ್, ಚಿಂಚವಡ

ಕ್ಷಮಿಸಿ, ಬೇರೆ ತರ ಹೇಳ್ತೀನಿ. ನೂರು ವರ್ಷದ ಹಿಂದಿನ ಮಾತು, ಸತ್ತವರು ತಾವಾಗೇ ಬಾಯಿ ಬಿಡಲಿಲ್ಲ ಅಂದ್ರೆ ಅದಕ್ಕೊಂದು ಕಾರಣ ಇತ್ತೇನೋ. ದಾಖಲೆಯಲ್ಲಿ ನಿಜವಾಗ್ಲೂ ಏನಾದ್ರೂ ಕೆಟ್ಟದ್ದು ಬಂತು ಅಂದ್ರೆ ಆ ಅಜ್ಜಿಗೆ ಈ ವಯಸ್ಸಲ್ಲಿ ಹೇಗಾಗ್ಬೇಡ? ನಮ್ಮ ಮನೆಯಲ್ಲಿ ಆಸ್ತಿ ಕಾಗದ ಹುಡುಕೋಕೆ ಹೋಗಿ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದು ನೋಡಿದೀನಿ, ಅದಕ್ಕೆ ಹೇಳ್ತಿರೋದು.

ಅಂಕೋಲೆ_ಮಗಳು, ಡೊಂಬಿವಲಿ

ಶಿವಾಪೂರ್ ಅವರೇ, ನೀವು ಒಳ್ಳೇ ಮನಸ್ಸಿಂದಲೇ ಹೇಳಿದ್ದು ಅಂತ ಗೊತ್ತು. ಆದ್ರೆ ಕೆಟ್ಟದ್ದು ಆಗ್ಲೇ ಆಗಿಹೋಗಿದೆಯಲ್ಲ, ಏನೂ ಗೊತ್ತಿಲ್ಲದೇನೇ ಊರು ತೀರ್ಪು ಕೊಟ್ಟಾಯ್ತು, ಆ ತೀರ್ಪಿನ ಕೆಳಗೇ ನಮ್ಮ ಸಣ್ಣಜ್ಜಿ, ಅವರಕ್ಕ ಎಲ್ಲ ಬದುಕಿದ್ದು. ಹುಡುಕ್ಲಾ ಅಂತ ನಾನು ಮೊದಲು ಕೇಳಿದ್ದು ಸಣ್ಣಜ್ಜಿಯನ್ನೇ. ಹುಡುಕು, ಏನು ಸಿಕ್ಕಿದ್ರೂ ನನಗೆ ಹೇಳು, ಮುಚ್ಚಿಡ್ಬೇಡ ಅಂದ್ರು. ಅವರು ಬೇಡ ಅಂದಿದ್ರೆ ನಾನು ಕೈ ಹಾಕ್ತಿರ್ಲಿಲ್ಲ.

ದೇಸಾಯಿ ಸರ್, 34ನೇ ಕಲಮಿನ ವಿಷಯ ನಿನ್ನೆ ರಾತ್ರಿನೇ ಫೋನ್ ಮಾಡಿ ಹೇಳಿದೆ. ಎರಡು ಸಲ ಹೇಳಿಸ್ಕೊಂಡ್ರು.

ಸದಾಶಿವಗಡ, ವಾಸ್ಕೋ

ನಾನು ಕಾರವಾರದವ, ಕೆಲಸ ವಾಸ್ಕೋದಲ್ಲಿ. ಅಪ್ಪ, ದೊಡ್ಡಪ್ಪ ಎಲ್ಲ ಶಿಪ್ಪಿಗೆ ಹೋದವರು, ಆ ಬದಿಯದ್ದು ಸ್ವಲ್ಪ ಹೇಳ್ತೆ, ಯಾಕಂದ್ರೆ ಯಾಕೆ ಇಳಿದ್ರು ಅನ್ನೋದು ತಿಳೀದೆ ಯಾಕೆ ಕಳಿಸಿದ್ರು ಅನ್ನೋದು ಅರ್ಧ ಮಾತ್ರ ಆಗ್ತದೆ.

ಆ ಕಾಲದಲ್ಲಿ ಬ್ರಿಟಿಷ್ ಹಡಗಲ್ಲಿ ನಮ್ಮ ಜನರಿಗೆ ಲಸ್ಕರ್ ಅಂತ ಬೇರೆಯೇ ಕರಾರು. ಸಂಬಳ ಬಿಳೀ ಖಲಾಸಿಯದ್ದರ ಮೂರನೇ ಒಂದು ಪಾಲು ಇಲ್ಲಾ ಅದಕ್ಕಿಂತ ಕಡಿಮೆ, ಮಲಗೋ ಜಾಗ ಕಡಿಮೆ, ಮತ್ತೆ ಎಲ್ಲಿ ಹೋದ್ರೂ ಕೊನೆಗೆ ಇಂಡಿಯಾದ ಬಂದರಿಗೇ ಬಂದು ಕರಾರು ಮುಗಿಸ್ಬೇಕು, ಬೇರೆ ದೇಶದಲ್ಲಿ ಸಲಾಮ್ ಹೊಡೆದು ಇಳೀಲಿಕ್ಕೆ ಬಿಡ್ತಿರ್ಲಿಲ್ಲ. ಇಂಜಿನ್ ಕೋಣೆ ಅಂದ್ರೆ ಕುಲುಮೆಯೊಳಗೆ ನಿಂತ ಹಾಗೆ. ಅದರ ಮೇಲೆ ಯುದ್ಧ, ಜರ್ಮನ್ ಸಬ್‌ಮರೀನು ಟಾರ್ಪಿಡೋ ಬಿಟ್ರೆ ಮೊದಲು ನೀರು ನುಗ್ಗೋದೇ ಕೆಳಗಿನ ಇಂಜಿನ್ ಕೋಣೆಗೆ. ಮುಂಬೈಯಲ್ಲಿ ಮಸ್ಜಿದ್ ಸ್ಟೇಶನ್ ಹತ್ರ ಸೇಲರ್ಸ್ ಹೋಮಿನಲ್ಲಿ ಆ ಯುದ್ಧದಲ್ಲಿ ಸಮುದ್ರ ಪಾಲಾದ, ಗೋರಿಯೂ ಇಲ್ಲದ ನಮ್ಮ ನಾವಿಕರ ಸ್ಮಾರಕ ಅದೆ, ಎರಡು ಸಾವಿರಕ್ಕೂ ಹೆಚ್ಚು ಜನ. ಮುಂಬೈಯಲ್ಲಿದ್ದವರು ಒಂದು ಸಲ ಹೋಗಿ ನೋಡ್ಬೇಕು, ನಾನು ಅಪ್ಪನ ಸಂಗ್ತಿಗೆ ಹೋಗಿದ್ದೆ. ಅಮೆರಿಕಾದಲ್ಲಿ ಅದೇ ಹೊತ್ತಿಗೆ ಫ್ಯಾಕ್ಟರಿಗಳಿಗೆ ಜನ ಸಿಗ್ತಿರ್ಲಿಲ್ಲ, ಸ್ಟೀಲ್ ಕಾರ್ಖಾನೆಯಲ್ಲಿ ಒಂದು ವಾರದ ಪಗಾರು ನಮ್ಮವನ ಹಡಗಿನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಇಳೀದೆ ಏನು ಮಾಡ್ತಾರೆ ಹೇಳಿ. ಸಾಯೋ ಕೆಲಸದಿಂದ ಬದುಕೋ ಕೆಲಸಕ್ಕೆ ಹೋದ್ರು ಅಷ್ಟೇ.

ಹುಡುಕೋ ವಿಷಯಕ್ಕೆ ಬಂದ್ರೆ, ಹಡಗಿನ ಹೆಸರು ಸಿಕ್ಕಿತು ಅಂದ್ರೆ ಅರ್ಧ ಕೆಲಸ ಆಯ್ತು. ಬ್ರಿಟಿಷ್ ಹಡಗಿಗೆಲ್ಲ ಒಂದು ಅಫಿಶಿಯಲ್ ನಂಬರ್ ಇರ್ತದೆ, ಆ ನಂಬರ್ ಮತ್ತೆ ವರ್ಷ ಹಾಕಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೆಮೋರಿಯಲ್ ಯೂನಿವರ್ಸಿಟಿಯ ಮ್ಯಾರಿಟೈಮ್ ಹಿಸ್ಟರಿ ಆರ್ಕೈವ್‌ಗೆ ಬರೀಬಹುದು, 1863ರಿಂದ 1938ರ ವರೆಗಿನ ಬ್ರಿಟಿಷ್ ಹಡಗುಗಳ ಕ್ರೂ ಅಗ್ರಿಮೆಂಟಲ್ಲಿ, ಅಂದ್ರೆ ಹಡಗಿನ ಕೆಲಸದವರ ಕರಾರು ಪತ್ರದಲ್ಲಿ ಹೆಚ್ಚಿನ ಪಾಲು ಅಲ್ಲಿ ಅದೆ. ಲಸ್ಕರರದ್ದು ಎಲ್ಲಾ ಉಳಿದಿಲ್ಲ, ಆದ್ರೂ ಕೇಳ್ಬೇಕು.

ಮತ್ತೊಂದು, ಖಲಾಸಿಗಳ ಮುಖಂಡ ಸಾರಂಗನಿಗೆ ದುಡ್ಡು ಕೊಟ್ಟು ಬೇರೆಯವರ ಕಾಗದದ ಮೇಲೆ ಹಡಗು ಹತ್ತೋದು ಆಗ ನಡೀತಿತ್ತು. ಆದ್ರಿಂದ ಹೆಸರು ಹೊಂದದೆ ವಯಸ್ಸು, ಊರು, ಮೈಮೇಲಿನ ಗುರ್ತು ಹೊಂದಿದ್ರೆ ಅದನ್ನ ಬಿಟ್ಟುಬಿಡ್ಬೇಡಿ. ನಿಮ್ಮ ಮುತ್ತಜ್ಜನಿಗೆ ಏನಾದ್ರೂ ಗಾಯದ ಕಲೆ ಇತ್ತಾ ಅಂತ ಅಜ್ಜಿಗೆ ಕೇಳಿ.

ವಾಪಸ್ ಬಂದ ದಾರಿ ಹೆಚ್ಚಾಗಿ ನ್ಯೂಯಾರ್ಕಿಂದ ಇಂಗ್ಲೆಂಡ್, ಅಲ್ಲಿಂದ ಮುಂಬೈ. ಇಂಗ್ಲೆಂಡಿಗೆ ಹೊರಗಿಂದ ಬಂದ ಪ್ರಯಾಣಿಕರ ಲಿಸ್ಟು ಬಿಟಿ 26, ಅಲ್ಲಿಂದ ಹೊರಟವರದ್ದು ಬಿಟಿ 27, ಎರಡೂ ಲಂಡನ್ ಕ್ಯೂನ ನ್ಯಾಷನಲ್ ಆರ್ಕೈವ್ಸಿನದ್ದು, 1960ರ ವರೆಗೆ. ಆನ್‌ಲೈನ್ ಅದೆ ಆದ್ರೆ ದುಡ್ಡು ಕಟ್ಟೋ ಸೈಟುಗಳಲ್ಲಿ. ಬರುವಾಗ ಅವರು ಕ್ರೂ ಅಲ್ಲ, ಪ್ಯಾಸೆಂಜರ್ ಆಗಿ ಬಂದಿರ್ಬಹುದು, ಹಾಗಾಗಿ ಈ ಲಿಸ್ಟಲ್ಲಿ ಹೆಸರು ಸಿಗೋ ಸಾಧ್ಯತೆ ಅದೆ. ಮಧ್ಯೆ ಲಂಡನ್ನಿನಲ್ಲಿ ಹಡಗಿಗೆ ಕಾಯ್ಬೇಕಾಗಿ ಬಂದಿದ್ರೆ ಲೈಮ್‌ಹೌಸಿನ ಸ್ಟ್ರೇಂಜರ್ಸ್ ಹೋಮಿನಲ್ಲಿ ಇದ್ದಿರ್ಬಹುದು, ನಮ್ಮವರೂ ಸೇರಿ ಏಷ್ಯಾ, ಆಫ್ರಿಕಾ ಕಡೆ ಖಲಾಸಿಗಳಿಗೆ ಅಂತ 1857ರಲ್ಲಿ ಶುರುವಾಗಿದ್ದ ವಸತಿ ಅದು.

ಅಂಕೋಲೆ_ಮಗಳು, ಡೊಂಬಿವಲಿ

ಇಷ್ಟು ದಿನ ಬರೀಲಿಕ್ಕೆ ಆಗ್ಲಿಲ್ಲ, ರಾತ್ರಿ ಎಲ್ಲ ಮಲಗಿದ ಮೇಲೆ ಕೂತು ಹುಡುಕ್ತಾ ಇದ್ದೆ. ಸಿಕ್ಕಿದ್ರು.

ಮೊದಲು ಸಿಕ್ಕಿದ್ದು ಡ್ರಾಫ್ಟ್ ಕಾರ್ಡು, ದೇಸಾಯಿ ಸರ್ ಹೇಳಿದ ಹಾಗೇ 1918ರ ಸೆಪ್ಟೆಂಬರ್ 12ರದ್ದು. ಅಡ್ಡಹೆಸರು ನೈಗ್ ಅಂತ ಮಾಡಿಟ್ಟಿದ್ದಾರೆ, ಜನಾಂಗದ ಕಡೆ ಓರಿಯಂಟಲ್ ಅನ್ನೋ ಚೌಕಕ್ಕೆ ಗುರ್ತು. ವಿಳಾಸ ಬ್ರೂಕ್ಲಿನ್. ಹತ್ತಿರದ ಸಂಬಂಧಿ ಅನ್ನೋ ಕಡೆ ಮುತ್ತಜ್ಜಿ ಹೆಸರು, ಊರು ಅಂಕೋಲಾ, ಇಂಡಿಯಾ. ಸ್ಪೆಲ್ಲಿಂಗ್ ಏನೇನೋ ಆಗಿದೆ ಆದ್ರೆ ಓದಿದ್ರೆ ಅಂಕೋಲಾನೇ, ಬೇರೆ ಆಗ್ಲಿಕ್ಕೇ ಸಾಧ್ಯ ಇಲ್ಲ. ಸಹಿ ಕನ್ನಡದಲ್ಲಿದೆ. ಅವರು ಓದಿದ್ದು ಮೂರನೇ ಕ್ಲಾಸೋ ನಾಲ್ಕನೇದೋ ಇರ್ಬೇಕು, ಅಕ್ಷರ ಮಾತ್ರ ದುಂಡಗೆ ಎಷ್ಟು ಚೆಂದ. ಆ ಕಾರ್ಡು ಬರ್ಕೊಂಡ ಮನುಷ್ಯನಿಗೆ ಅದು ಯಾವ ಲಿಪಿ ಅಂತಲೂ ಗೊತ್ತಿರ್ಲಿಕ್ಕಿಲ್ಲ, ನೂರು ವರ್ಷ ಆದ ಮೇಲೆ ನಾನು ಓದಿದೆ, ಅತ್ತುಬಿಟ್ಟೆ.

ಕ್ರೂ ಲಿಸ್ಟ್ ಆಮೇಲೆ ಸಿಕ್ತು. ಸದಾಶಿವಗಡ ಅಣ್ಣ, ನಿಮ್ಮ ಮಾತು ಕೇಳಿ ಸಣ್ಣಜ್ಜಿಗೆ ಕೇಳಿದ್ದು ಒಳ್ಳೇದಾಯ್ತು, ಅಪ್ಪನ ಎಡಗೈ ಮೇಲೆ ಸುಟ್ಟ ಕಲೆ ಇತ್ತು ಅಂದ್ರು. ಹೆಸರಿನ ಬದಲು ಕಲೆ ನೋಡ್ತಾ ಹೋದೆ. 1918ರ ಮಾರ್ಚಿನಲ್ಲಿ ಬಂದ ಒಂದು ಹಡಗಿನ ಲಿಸ್ಟಲ್ಲಿ ಎಡಗೈ ಕಲೆ, ವಯಸ್ಸು 24, ಮುಂಬೈಯಲ್ಲಿ ಸೇರಿದ್ದು, ಕಲ್ಲಿದ್ದಲು ಕೆಲಸ, ಹೆಸರು ಅಪ್ಪ ಮಗ ಇಬ್ಬರದೂ ಸೇರಿಸಿ ಒಂದೇ ಶಬ್ದ ಮಾಡಿಟ್ಟಿದ್ದಾರೆ. ಬದಿಗೆ ಡೆಸರ್ಟೆಡ್, ಅಂದ್ರೆ ಹಡಗು ಬಿಟ್ಟು ಹೋದ ಅಂತ ಬರೆದಿದೆ. ಅದೇ ಹಡಗಿಂದ ಇನ್ನೂ ನಾಲ್ಕು ಜನ ಅದೇ ದಿನ ಇಳಿದಿದ್ದಾರೆ. ಹಡಗಿನ ಹೆಸರು ಈಗಲೇ ಇಲ್ಲಿ ಹಾಕಲ್ಲ, ಕೆನಡಾದವರಿಗೆ ಬರೆದಿದ್ದೇನೆ, ಅವರ ಉತ್ತರ ಬಂದು ಪಕ್ಕಾ ಆದ ಮೇಲೆ ಹಾಕ್ತೇನೆ.

ವಾಪಸ್ ಬಂದದ್ದು 1920ರ ನವೆಂಬರ್, ನ್ಯೂಯಾರ್ಕಿಂದ ಲಿವರ್‌ಪೂಲ್, ಥರ್ಡ್ ಕ್ಲಾಸ್. ಬಿಟಿ 26ರ ಲಿಸ್ಟಲ್ಲಿ ಹೆಸರಿನ ಮುಂದೆ ಡಿಪೋರ್ಟ್ ಅಂತ ಕೈಯಲ್ಲಿ ಬರೆದಿದ್ದಾರೆ. ಮಾರ್ಚ್ 1918ರಿಂದ ನವೆಂಬರ್ 1920, ಮೂರು ವರ್ಷ ತುಂಬ್ಲಿಕ್ಕೆ ಇನ್ನು ನಾಲ್ಕೇ ತಿಂಗಳು. ಆ ನಾಲ್ಕು ತಿಂಗಳು ಹೇಗಾದ್ರೂ ಕಳೆದಿದ್ರೆ ಅಂತ ಅನ್ನಿಸ್ತು, ಆಮೇಲೆ ಹಾಗೆ ಕಳೆದಿದ್ರೆ ನಮ್ಮ ಸಣ್ಣಜ್ಜಿಯೇ ಹುಟ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ ಅಂತಲೂ ಅನ್ನಿಸ್ತು, ಏನು ಯೋಚ್ನೆ ಮಾಡ್ಬೇಕು ಅಂತಲೇ ಗೊತ್ತಾಗ್ಲಿಲ್ಲ.

ಇದೆಲ್ಲ ಪ್ರಿಂಟ್ ತೆಗೆಸಿ ಸಣ್ಣಜ್ಜಿಗೆ ತೋರ್ಸಿದೆ. ಭೂತಗನ್ನಡಿ ಹಿಡ್ಕೊಂಡು ಸಹಿ ನೋಡಿದ್ರು. ಕಳ್ಳ ಅಂತ ಎಲ್ಲೂ ಬರ್ದಿಲ್ಲ ಅಲ್ವಾ ಅಂತ ಕೇಳಿದ್ರು, ಇಲ್ಲ ಅಜ್ಜಿ ಎಲ್ಲೂ ಇಲ್ಲ ಅಂದೆ. ಊರಿಗೆ ಕಳಿಸು ಇದನ್ನ, ಎಲ್ಲರಿಗೂ ಕೊಡು ಅಂದ್ರು. ಝೆರಾಕ್ಸ್ ಮಾಡಿಸಿ ಅಂಕೋಲೆಯಲ್ಲಿರೋ ಮಾವನಿಗೆ ಕಳಿಸಿದ್ದೇನೆ.

ಈಗ ಬಾಕಿ ಇರೋದು ವಾರಂಟಿನ ಫೈಲು. ಯಾರು ಹಿಡಿದ್ರು, ಅವರನ್ನ ಏನು ಕೇಳಿದ್ರು, ಇವರೇನು ಹೇಳಿದ್ರು, ಅದು ಬೇಕು ನನಗೆ. ಇವರ ಬಾಯಿಂದ ಬಂದ ಒಂದು ಮಾತಾದ್ರೂ ಎಲ್ಲಾದ್ರೂ ಬರೆದಿಟ್ಟಿದ್ರೆ ಅದನ್ನ ಓದ್ಬೇಕು.

ಶಿವಾಪೂರ್_ಎಸ್, ಚಿಂಚವಡ

ಓದಿ ತುಂಬಾ ಸಮಾಧಾನ ಆಯ್ತು. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಪುಣೆ_ದೇಸಾಯರು

ಅಕ್ಕಾರ, ಭಾಳ ಸಂತೋಷಾತು. ಆ ಕಾರ್ಡಿನ ಇಮೇಜು ಪೂರ್ತಿ ಸೈಜಿನ್ಯಾಗ ಡೌನ್‌ಲೋಡ್ ಮಾಡಿ ಎರಡು ಕಡೆ ಇಟ್ಕೋರಿ, ಹಿಂದಿನ ಬಾಜೂನೂ ತಗೋರಿ, ಎತ್ತರ ಮೈಕಟ್ಟು ಕಣ್ಣಿನ ಬಣ್ಣ ಅಲ್ಲಿರ್ತದ, ಕ್ರೂ ಲಿಸ್ಟಿನ ಜೋಡಿ ತಾಳೆ ನೋಡಾಕ ಬರತದ.

ವಾರಂಟಿನ ಫೈಲಿನ ವಿಷಯ ಇದ್ದದ್ದ ಹೇಳ್ತೇನಿ. ಎಲ್ಲಿಸ್ ಐಲ್ಯಾಂಡಿನ ಒಬ್ಬೊಬ್ಬರ ಕೇಸ್ ಫೈಲು ಹೆಚ್ಚಿನವು ಉಳದಿಲ್ಲ, ನಾಶ ಮಾಡ್ಯಾರ. ಆದ್ರ ನಿಮ್ಮ ಮುತ್ತಜ್ಜಂದು ವಾರಂಟ್ ಕೇಸು. ವಾರಂಟ್ ಅಂದ್ರ ಲೇಬರ್ ಸೆಕ್ರೆಟರಿ ಆಫೀಸಿನಿಂದ ಬರಬೇಕು, ಆಗ ಇಮಿಗ್ರೇಶನ್ ಖಾತೆ ಲೇಬರ್ ಡಿಪಾರ್ಟ್‌ಮೆಂಟಿನ ಕೆಳಗ ಇತ್ತು, ಹಿಂಗಾಗಿ ಕಾಗದ ವಾಷಿಂಗ್ಟನ್ನಿಗೆ ಹೋಗಿರಲಿಕ್ಕೇ ಬೇಕು. ವಾಷಿಂಗ್ಟನ್ನಿನ ಫೈಲು ಅಲ್ಲಿಯ ನ್ಯಾಷನಲ್ ಆರ್ಕೈವ್ಸ್‌ದಾಗ ರೆಕಾರ್ಡ್ ಗ್ರೂಪ್ 85 ಅಂತ ಅದಾವ, ಅದಕ್ಕ ಟಿ458 ಅನ್ನೂ ಮೈಕ್ರೋಫಿಲ್ಮ್ ಇಂಡೆಕ್ಸ್ ಅದ, 1903ರಿಂದ 1959ರ ತನಕದ್ದು. ಅದರಾಗ ಹೆಸರು ಸಿಕ್ರ ಫೈಲ್ ನಂಬರ್ ಬರತದ, ಐದು ಅಂಕಿ, ಒಂದು ಓರೆಗೆರಿ, ಮತ್ತ ಅಂಕಿ, ಹಿಂಗ ಇರ್ತದ. ಆ ನಂಬರ್ ಬರದು ಈಮೇಲ್ ಹಾಕಿದ್ರ ಹುಡುಕಿ ಕಾಪಿಗೆ ಎಷ್ಟು ರೊಕ್ಕ ಅಂತ ಹೇಳ್ತಾರ. ಇಂಥ ಫೈಲಿನೊಳಗ ಹಿಡಿದಂವನ ಹೇಳಿಕಿ ಪ್ರಶ್ನೆ ಉತ್ತರ ರೂಪದಾಗ ಟೈಪ್ ಮಾಡಿ ಹಚ್ಚಿರ್ತಾರ. ಸಿಕ್ಕರ ನಿಮಗ ಬೇಕಾದ್ದು ಅದ. ಇಂಡೆಕ್ಸ್‌ದಾಗ ಹುಡುಕೂ ಮುಂದ ಕ್ರೂ ಲಿಸ್ಟಿನ ಹೆಸರು, ಕಾರ್ಡಿನ ಹೆಸರು, ಲಿವರ್‌ಪೂಲ್ ಲಿಸ್ಟಿನ ಹೆಸರು, ಮೂರೂ ಥರ ನೋಡ್ರಿ. ಮತ್ತ ಆ ಉಳದ ನಾಲ್ಕು ಮಂದಿ ಹೆಸರೂ ನೋಡ್ರಿ, ಒಟ್ಟಿಗೆ ಹಿಡದಿದ್ರ ಫೈಲು ಅವರೊಳಗ ಒಬ್ಬರ ಹೆಸರಿನ್ಯಾಗ ಇರಬಹುದು.

ಕುಡ್ಲದ_ಪೋರಿ, ಮುಲುಂಡ್

ಲಿವರ್‌ಪೂಲಿಂದ ಮುಂಬೈಗೆ ಬಂದದ್ದು ಇನ್ನೂ ಸಿಕ್ಕಿಲ್ಲ ಅಲ್ವಾ? 1920ರ ಕೊನೆ, 1921ರ ಮೊದಲಿನ ಮರೀನ್ ಡಿಪಾರ್ಟ್‌ಮೆಂಟ್ ಇಂಡೆಕ್ಸ್ ಕಾಲಾಘೋಡಾದಲ್ಲಿ ನೋಡ್ಬೇಕು. ನಾನು ಶುಕ್ರವಾರ ನನ್ನ ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗ್ತಾ ಇದ್ದೇನೆ, ನೀವೂ ಬನ್ನಿ, ಆಧಾರ್ ಕಾರ್ಡ್ ಮತ್ತು ಅದರ ಝೆರಾಕ್ಸ್ ತನ್ನಿ, ಇಬ್ಬರು ಕೂತ್ರೆ ಎರಡು ವರ್ಷದ್ದು ಒಂದೇ ದಿನ ನೋಡಿ ಮುಗಿಸ್ಬಹುದು.

ಅಂಕೋಲೆ_ಮಗಳು, ಡೊಂಬಿವಲಿ

ಬರ್ತೇನೆ ಅಕ್ಕಾ, ರಜೆ ಹಾಕಿದೆ. ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರ್ತೇನೆ. ಆ ನಾಲ್ಕು ಜನರ ಹೆಸರೂ ಬರ್ಕೊಂಡು ಬರ್ತೇನೆ, ಅವರಲ್ಲಿ ಒಬ್ಬರದು ಊರು ರತ್ನಾಗಿರಿ ಅಂತ ಓದೋಕಾಗ್ತದೆ, ಉಳಿದ ಮೂವರದ್ದು ಇನ್ನೂ ಬಿಡಿಸ್ಲಿಕ್ಕೆ ಆಗಿಲ್ಲ.